ಓರೆ ಡಬ್ಬಿ, ನನ್ನ ಸ್ಕ್ರೂಡ್ರೈವರ್

ನ್ಯೂಜೆರ್ಸಿಯ ಹೈಲ್ಯಾಂಡ್ ಪಾರ್ಕಿಗೆ ಬಂದ ಹೊಸತು. ಎದುರು ಮನೆಯ ಯಹೂದಿ ಅಜ್ಜಿಯ ಬಾಗಿಲ ಚೌಕಟ್ಟಿನಲ್ಲಿ ಬೆರಳುದ್ದದ ಒಂದು ಡಬ್ಬಿ ಓರೆಯಾಗಿತ್ತು. ಸ್ಕ್ರೂ ಸಡಿಲ ಆಗಿರಬೇಕು, ಪಾಪ ವಯಸ್ಸಾದವರು ಅಂತ ಸ್ಕ್ರೂಡ್ರೈವರ್ ಹಿಡಿದು ಹೋದೆ. ಅಜ್ಜಿ ನಕ್ಕಿದ್ದೇ ನಕ್ಕಿದ್ದು.

ಅದು ಮೆಝೂಝಾ. ಒಳಗೆ ಚರ್ಮದ ಹಾಳೆಯ ಮೇಲೆ ಕೈಯಲ್ಲಿ ಬರೆದ, ತೋರಾ ಅನ್ನೋ ಅವರ ಧರ್ಮಗ್ರಂಥದ ಸಾಲುಗಳು. ಮೊದಲ ಸಾಲೇ ದೇವರು ಒಬ್ಬನೇ ಅಂತ. ಅದನ್ನು ನೆಟ್ಟಗೆ ಹೊಡೀಬೇಕು ಅಂದವರು ಫ್ರಾನ್ಸಿನ ಪಂಡಿತ ರಾಶಿ (ನಮ್ಮ ರಾಗಿ ರಾಶಿ ಅಲ್ಲ, 1105ರಲ್ಲಿ ತೀರಿಕೊಂಡವರು). ಇಲ್ಲ, ಅಡ್ಡ ಇರಬೇಕು ಅಂದದ್ದು ಅವರದೇ ಮೊಮ್ಮಗ, ರಬ್ಬೇನು ತಾಮ್. ಆಮೇಲಿನವರು ತಾತನನ್ನೂ ಬಿಡಲಾರದೆ ಮೊಮ್ಮಗನನ್ನೂ ಬಿಡಲಾರದೆ ಓರೆಯಾಗಿ ಹೊಡೆದರು. ಯುರೋಪ್ ಮೂಲದ ಯಹೂದಿಗಳ ಮನೆಗಳಲ್ಲಿ ಈಗಲೂ ಹಾಗೇ.

ಅಜ್ಜಿ ತಾಲ್ಮುಡ್ (ಯಹೂದಿ ಧರ್ಮಶಾಸ್ತ್ರದ ಚರ್ಚೆಗಳ ಗ್ರಂಥ) ತೆಗೆದು ತೋರಿಸಿದರು. ಪುಟದ ನಡುವೆ ಮೂಲ, ಒಂದು ಪಕ್ಕ ತಾತನ ವ್ಯಾಖ್ಯಾನ, ಇನ್ನೊಂದು ಪಕ್ಕ ಮೊಮ್ಮಗ ಮತ್ತು ಅವನಂಥವರ ತಕರಾರು! ಅದರಲ್ಲೊಂದು ಕಥೆಯಿದೆ. ಒಂದು ಒಲೆ ಶುದ್ಧವೋ ಅಲ್ಲವೋ ಅಂತ ಜಗಳ, ರಬ್ಬಿ (ಅಂದರೆ ಧರ್ಮಗುರು) ಎಲಿಯೆಜರ್ ಒಬ್ಬರೇ ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ. ಕೊನೆಗೆ ಅಶರೀರವಾಣಿಯೇ ಎಲಿಯೆಜರ್ ಹೇಳಿದ್ದು ಸರಿ ಅಂದಿತಂತೆ. ರಬ್ಬಿ ಯೆಹೋಶುವಾ ಎದ್ದು ನಿಂತು, ತೋರಾ ಈಗ ಸ್ವರ್ಗದಲ್ಲಿಲ್ಲ ಅಂದರಂತೆ. ಅಂದರೆ, ಇಲ್ಲಿ ಬಹುಮತದ್ದೇ ಮಾತು. ದೇವರು ನಕ್ಕು, ನನ್ನ ಮಕ್ಕಳು ನನ್ನನ್ನು ಸೋಲಿಸಿಬಿಟ್ಟರು ಅಂದನಂತೆ. ಈ ದೇವರು ನನಗೆ ಬಹಳ ಹಿಡಿಸಿದ.

ಹಾಗಂತ ಎಲ್ಲ ಸಲವೂ ನಗುವಲ್ಲಿ ಮುಗಿದಿಲ್ಲ. ಪ್ರಕೃತಿಯೇ ದೇವರು ಅಂತ ಆಮೇಲೆ ಬರೆದ ತತ್ವಜ್ಞಾನಿ ಸ್ಪಿನೋಜಾನನ್ನು 1656ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಹೂದಿಗಳು ಬಹಿಷ್ಕರಿಸಿದರು. ದೇವರು ಒಬ್ಬ ವ್ಯಕ್ತಿಯಲ್ಲ ಅನ್ನುತ್ತಿದ್ದ ಮೊರ್ಡೆಕಾಯ್ ಕಾಪ್ಲಾನ್ ಎಂಬ ರಬ್ಬಿಯ ಪ್ರಾರ್ಥನಾ ಪುಸ್ತಕವನ್ನು ಸಂಪ್ರದಾಯಸ್ಥ ರಬ್ಬಿಗಳ ಸಭೆಯಲ್ಲಿ ನ್ಯೂಯಾರ್ಕಿನಲ್ಲೇ ಸುಟ್ಟರು, ಅದೂ 1945ರಲ್ಲಿ.

ಒಂದು ಶುಕ್ರವಾರ ರಾತ್ರಿ, ಕೆಲಸ ಮಾಡದ ಅವರ ವಾರದ ವಿಶ್ರಾಂತಿ ದಿನ ಸಬ್ಬತ್ ಶುರುವಾದಾಗ, ಊಟಕ್ಕೆ ಕರೆದರು. ನಮ್ಮನೆ ಅಡುಗೆ ಕೋಷರ್ (ಯಹೂದಿ ಆಹಾರ ನಿಯಮದ ಪ್ರಕಾರದ್ದು) ಅಲ್ವಲ್ಲ, ಬಾಳೆಹಣ್ಣು ತಗೊಂಡು ಹೋದೆ. ದೇವರೇ ಇಲ್ಲ ಅನ್ನುವ ಮಗ ದ್ರಾಕ್ಷಾರಸದ ಬಟ್ಟಲು ಹಿಡಿದು ಮಂತ್ರ ಹೇಳಿದ. ಸೊಸೆ ಮಧ್ಯಯುಗದ ಯಹೂದಿ ತತ್ವಜ್ಞಾನಿ ಮೈಮೊನಿಡೀಸನ ಕಡೆಯವಳು: ದೇವರು ಏನು ಅಂತ ಹೇಳೋಕಾಗಲ್ಲ, ಏನಲ್ಲ ಅಂತ ಮಾತ್ರ ಹೇಳಬಹುದು. ನಮ್ಮ ನೇತಿ ನೇತಿಯ ಹಾಗೇ ಇದೆಯಲ್ಲ ಅಂದೆ. ಅದಕ್ಕೂ ಅವಳ ಹತ್ತಿರ ಒಂದು ತಕರಾರು ಇತ್ತು.

ಹೊರಡುವಾಗ ಅಜ್ಜಿ ಪಿಸುಗುಟ್ಟಿದರು: "ಅಡುಗೆಮನೆ ಕಪಾಟಿನ ಬಾಗಿಲು ನಿಜವಾಗ್ಲೂ ಸಡಿಲ ಆಗಿದೆ ಕಣಪ್ಪ. ಸಬ್ಬತ್ ಮುಗೀಲಿ. ಭಾನುವಾರ ಸ್ಕ್ರೂಡ್ರೈವರ್ ತಗೊಂಡು ಬಾ."