38 ವಿಎಂಗಳು ಉಳಿದ ಮಂಗಳವಾರ

ನಮ್ಮ ಟೀಮಿನ ಟೆಸ್ಟಿಂಗಿಗೆ ಅಂತ ಅಮೆಜಾನಿನ ಕಂಪ್ಯೂಟರ್ ಬಾಡಿಗೆ ಸೇವೆಯಾದ ಇಸಿ2ನ ಮುಂಬೈ ರೀಜನ್‌ನಲ್ಲಿ 38 ವಿಎಂಗಳಿದ್ದವು (ವರ್ಚುವಲ್ ಮೆಷಿನ್, ಅಂದರೆ ಸಾಫ್ಟ್‌ವೇರಿನಲ್ಲೇ ಓಡುವ ಕಂಪ್ಯೂಟರ್). ಶುಕ್ರವಾರ ಸಂಜೆ ಎಲ್ಲರೂ ಹಾಗೇ ಮನೆಗೆ ಹೋಗುತ್ತಿದ್ದರು. ಸೋಮವಾರದವರೆಗೆ ಅವು ಸುಮ್ನೆ ಓಡುತ್ತಿದ್ದವು. ಬ್ರೌಸರಿನಲ್ಲಿ ಒಂದೊಂದನ್ನೇ ಹುಡುಕಿ ನಿಲ್ಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸಾಕಾಗಿ ಒಂದು ಶನಿವಾರ ಕೂತು, ಫ್ಯೂಸ್ ಬಳಸಿ ಪೈಥಾನಿನಲ್ಲಿ ವಿಎಂಗಳನ್ನು ಫೋಲ್ಡರುಗಳಾಗಿ ತೋರಿಸುವ ಒಂದು ಪುಟ್ಟ ಫೈಲ್ ಸಿಸ್ಟಮ್ ಬರೆದೆ.

ಫ್ಯೂಸ್ 2005ರಿಂದ ಲಿನಕ್ಸ್ ಕರ್ನಲ್‌ನಲ್ಲೇ (ಸಿಸ್ಟಮಿನ ತಿರುಳಿನಲ್ಲೇ) ಇದೆ. ಅದರಿಂದ ನಾವು ಬರೆದ ಮಾಮೂಲಿ ಪ್ರೋಗ್ರಾಮನ್ನು ಡಿಸ್ಕಿನ ಹಾಗೆ ಮೌಂಟ್ ಮಾಡಬಹುದು, ಅಂದರೆ ಒಂದು ಫೋಲ್ಡರಿಗೆ ಜೋಡಿಸಬಹುದು. ಯಾರಾದರೂ ಫೋಲ್ಡರ್ ತೆರೆದರೆ, ಒಳಗೆ ಏನೇನಿದೆ ಅಂತ ಕರ್ನಲ್ ನಮ್ಮ ಪ್ರೋಗ್ರಾಮನ್ನೇ ಕೇಳುತ್ತದೆ. ನಾನು ಒಂದು ವಿಎಂಗೆ ಒಂದು ಫೋಲ್ಡರ್ ಕೊಟ್ಟೆ. ಒಳಗೆ ಐಪಿ, ಟೈಪ್, ಸ್ಟೇಟ್ ಅಂತ ಮೂರು ಫೈಲು. ಸ್ಟೇಟ್ ಫೈಲನ್ನು ಕ್ಯಾಟ್ ಮಾಡಿದರೆ (ಓದಿದರೆ) 'ರನ್ನಿಂಗ್' ಅಂತ ಬರಬೇಕು, ಅದಕ್ಕೇ 'ಸ್ಟಾಪ್ಡ್' ಅಂತ ಎಕೋ ಮಾಡಿದರೆ (ಬರೆದರೆ) ಆ ವಿಎಂ ನಿಲ್ಲಬೇಕು.

ಮೊದಲು ಕ್ಯಾಟ್ ಮಾಡಿದಾಗ ಏನೂ ಬರಲಿಲ್ಲ! ಎರಡು ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಫೈಲಿನ ಸೈಜು ಸೊನ್ನೆ ಅಂತ ನಾನೇ ಹೇಳಿದ್ದೆ, ಹಾಗಾಗಿ ಕರ್ನಲ್ ಓದುವ ಗೋಜಿಗೇ ಹೋಗಿರಲಿಲ್ಲ. ಸೈಜು ನೋಡದೆ ನೇರವಾಗಿ ಓದಿಸುವ ಡೈರೆಕ್ಟ್ ಐಒ ಆನ್ ಮಾಡಿದೆ, ಸರಿಹೋಯಿತು. ಎಕೋ ಕೂಡ ಎರರ್ ಕೊಟ್ಟಿತು. ಬರೆಯುವ ಮುಂಚೆ ಶೆಲ್ (ನಾವು ಕಮಾಂಡ್ ಹೊಡೆಯುವ ಪ್ರೋಗ್ರಾಮ್) ಫೈಲನ್ನು ಖಾಲಿ ಮಾಡುತ್ತದೆ, ಆ ಟ್ರಂಕೇಟ್ ಕರೆಗೆ ನಾನು ಉತ್ತರವನ್ನೇ ಬರೆದಿರಲಿಲ್ಲ. ಇನ್ನು ಎಲ್‌ಎಸ್ ಹೊಡೆದು ಪಟ್ಟಿ ಕೇಳಿದರೆ ಫೋಲ್ಡರಿಗೊಂದರಂತೆ ಅಮೆಜಾನಿಗೆ ಎಪಿಐ ಕರೆ (ಪ್ರೋಗ್ರಾಮ್ ಕಳಿಸುವ ಕೋರಿಕೆ) ಹೋಗುತ್ತಿತ್ತು. ಎಲ್ಲವನ್ನೂ ಒಂದೇ ಕರೆಯಲ್ಲಿ ತಂದು ಹತ್ತು ಸೆಕೆಂಡ್ ಇಟ್ಟುಕೊಂಡೆ. ಆಮೇಲೆ ಪದ ಹುಡುಕುವ ಗ್ರೆಪ್ ಒಂದರಲ್ಲೇ ಓಡುತ್ತಿರುವವೆಲ್ಲ ಸಿಕ್ಕವು, ಒಂದೇ ಕಮಾಂಡನ್ನು ಎಲ್ಲಕ್ಕೂ ಓಡಿಸುವ ಫಾರ್ ಲೂಪ್ ಒಂದರಲ್ಲೇ ಎಲ್ಲ ನಿಂತವು. ನಿಂತ ವಿಎಂನ ಡಿಸ್ಕಿಗೆ ಬಾಡಿಗೆ ಇದ್ದೇ ಇರುತ್ತದೆ, ಆದರೂ ಓಡುವ ಖರ್ಚು ಉಳಿಯುತ್ತದಲ್ವಾ. ನನಗಂತೂ ತುಂಬಾ ಖುಷಿಯಾಗಿತ್ತು. ಆ ಖುಷಿಯಲ್ಲೇ, ಆರ್‌ಎಂಡೈರ್ ಮಾಡಿದರೆ (ಫೋಲ್ಡರ್ ಅಳಿಸಿದರೆ) ವಿಎಂ ಟರ್ಮಿನೇಟ್ ಆಗಲಿ, ಅಂದರೆ ಶಾಶ್ವತವಾಗಿ ಅಳಿಯಲಿ ಅಂತಲೂ ಬರೆದುಬಿಟ್ಟೆ. ಫೋಲ್ಡರ್ ಹೋದರೆ ವಿಎಂ ಹೋಗಬೇಕು, ಅದು ಸಹಜ ಅನ್ನಿಸಿತ್ತು.

ಸೋಮವಾರ ಟೀಮಿನ ಹುಡುಗನೊಬ್ಬನಿಗೆ ಕೊಟ್ಟೆ. ಅವನು ತನ್ನ ಟೆಂಪ್ ಫೋಲ್ಡರಿನ ಒಳಗೆ ಮೌಂಟ್ ಮಾಡಿಕೊಂಡಿದ್ದ. ಮಂಗಳವಾರ ಮಧ್ಯಾಹ್ನ ಫೋನ್ ಮಾಡಿದ. "ಅಣ್ಣಾ, ಟೆಂಪ್ ಕ್ಲೀನ್ ಮಾಡೋಣ ಅಂತ ಆರ್‌ಎಂ ಮೈನಸ್ ಆರ್‌ಎಫ್ ಹೊಡೆದೆ, ಮೌಂಟ್ ಇದೆ ಅನ್ನೋದೇ ಮರೆತುಹೋಗಿತ್ತು." ಒಳಗಿನದ್ದೆಲ್ಲವನ್ನೂ ಕೇಳದೆಯೇ ಅಳಿಸುವ ಕಮಾಂಡ್ ಅದು. ಅವನ ದನಿ ನಡುಗುತ್ತಿತ್ತು. ನನ್ನ ಕೈಯೂ ತಣ್ಣಗಾಯಿತು. ಆ 38ರಲ್ಲಿ ಎರಡರಲ್ಲಿ ಡೇಟಾಬೇಸ್ ಇತ್ತು, ಟರ್ಮಿನೇಟ್ ಆದರೆ ಸಾಮಾನ್ಯವಾಗಿ ಬೂಟ್ ಡಿಸ್ಕೂ ಅದರ ಜೊತೆಗೇ ಅಳಿಸಿಹೋಗುತ್ತದೆ.

ಓಡಿಹೋಗಿ ಅವನ ಸ್ಕ್ರೀನ್ ನೋಡಿದೆ. ಉದ್ದಕ್ಕೂ ಒಂದೇ ಎರರ್: ರೀಡ್ ಓನ್ಲಿ ಫೈಲ್ ಸಿಸ್ಟಮ್, ಅಂದರೆ ಓದಬಹುದು, ಅಳಿಸುವ ಹಾಗಿಲ್ಲ. ಬ್ರೌಸರಿನಲ್ಲಿ ನೋಡಿದರೆ 38 ವಿಎಂಗಳೂ ಇದ್ದವು. ಆರ್‌ಎಂ ಮೊದಲು ಒಳಗಿನ ಫೈಲುಗಳನ್ನು ಅಳಿಸುತ್ತದೆ, ಕೊನೆಗೆ ಫೋಲ್ಡರಿಗೆ ಕೈ ಹಾಕುತ್ತದೆ. ಫೈಲ್ ಅಳಿಸುವ ಅನ್‌ಲಿಂಕ್ ಕರೆಯನ್ನು ನಾನು ಬರೆದಿರಲೇ ಇಲ್ಲ. ಅದು ಬೇಕಾಗಬಹುದು ಅಂತ ಹೊಳೆದೇ ಇರಲಿಲ್ಲ, ಅಷ್ಟೇ. ಒಳಗಿನ ಒಂದು ಫೈಲೂ ಹೋಗದ್ದರಿಂದ ಆರ್‌ಎಂ ಫೋಲ್ಡರಿನ ತನಕ ಬರಲೇ ಇಲ್ಲ. ಅವನು ಆರ್‌ಎಂ ಬದಲು ಆರ್‌ಎಂಡೈರ್ ಅನ್ನು ನೇರವಾಗಿ ವಿಎಂ ಫೋಲ್ಡರುಗಳ ಮೇಲೇ ಹೊಡೆದಿದ್ದರೆ ಎಲ್ಲ ಹೋಗುತ್ತಿದ್ದವು.

ಅವನನ್ನು ಬಯ್ಯಲಿಲ್ಲ. ಫೋಲ್ಡರನ್ನು ಫೋಲ್ಡರಿನ ಹಾಗೆ ಬಳಸಿದ, ಅದರಲ್ಲಿ ಅವನ ತಪ್ಪೇನು? ಟೀ ಕುಡಿದು ಬಂದು, ಆರ್‌ಎಂಡೈರ್‌ನ ಹನ್ನೊಂದು ಸಾಲನ್ನು ಅವನ ಮುಂದೆಯೇ ಅಳಿಸಿದೆ. ಡೇಟಾಬೇಸಿನ ಎರಡು ವಿಎಂಗಳಿಗೆ ಟರ್ಮಿನೇಷನ್ ಪ್ರೊಟೆಕ್ಷನ್ ಅವನೇ ಹಾಕಿದ. ಶುಕ್ರವಾರ ಸಂಜೆ ಫಾರ್ ಲೂಪ್ ಓಡಿಸುವವನೂ ಈಗ ಅವನೇ.