ಅಲೆಪ್ಪೊದಲ್ಲಿ ಸುಟ್ಟ ತೋರಾ ವ್ಯಾಖ್ಯಾನ

ಮಂಗಳವಾರ, 12 ನವೆಂಬರ್ 2024

1865ರಲ್ಲಿ ಸಿರಿಯಾದ ಅಲೆಪ್ಪೊ ನಗರದ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ‘ಎಮ್ ಲಮಿಕ್ರಾ’ ಎಂಬ ತೋರಾ (ಹೀಬ್ರೂ ಬೈಬಲಿನ ಮೊದಲ ಐದು ಪುಸ್ತಕಗಳು) ವ್ಯಾಖ್ಯಾನವನ್ನು ನಿಷೇಧಿಸಿ ಸುಡಿಸಿದರು. ಆ ಪ್ರಕರಣದ ಇತಿಹಾಸವನ್ನು ಇಂದು ಓದಿ ಮುಗಿಸಿದೆ. ಮನಸ್ಸು ಅದನ್ನು ಬಿಟ್ಟು ಕದಲದಿರುವುದರಿಂದ ತೋಚಿದ್ದನ್ನು ಬರೆದಿಡುತ್ತಿದ್ದೇನೆ.

ಗ್ರಂಥಕರ್ತ ಎಲಿಯಾ ಬೆನಮೊಜೆಗ್ (1823–1900) ಇಟಲಿಯ ಲಿವೊರ್ನೊದಲ್ಲಿ ರಬ್ಬಿಯಾಗಿದ್ದವರು. ಅವರ ಮನೆತನ ಮೊರಾಕ್ಕೊದ ಫೆಜ್ ಮೂಲದ್ದು. ಲಿವೊರ್ನೊದ ಹೀಬ್ರೂ ಮುದ್ರಣಾಲಯಗಳಿಂದ ಉತ್ತರ ಆಫ್ರಿಕಕ್ಕೂ ಸಿರಿಯಾ ಕಡೆಗೂ ಪ್ರಾರ್ಥನಾ ಪುಸ್ತಕಗಳು ಹಡಗಿನಲ್ಲಿ ಹೋಗುತ್ತಿದ್ದ ಕಾಲವದು. 1862ರಿಂದ ಪ್ರಕಟವಾಗತೊಡಗಿದ ಈ ವ್ಯಾಖ್ಯಾನದಲ್ಲಿ ಬೆನಮೊಜೆಗ್ ಭಾಷಾಶಾಸ್ತ್ರವನ್ನೂ ಪುರಾತತ್ವವನ್ನೂ ಈಜಿಪ್ಟ್, ಗ್ರೀಸ್ ಮೊದಲಾದ ಪ್ರಾಚೀನ ಜನಾಂಗಗಳ ಪುರಾಣ ಮತ್ತು ಆಚಾರಗಳನ್ನೂ ತೋರಾದ ಪಂಕ್ತಿಗಳ ಪಕ್ಕದಲ್ಲಿಟ್ಟು ಚರ್ಚಿಸಿದರು. ಅನ್ಯಜನರ ಪುರಾಣಗಳಲ್ಲಿ ಆದಿಯ ದೈವಜ್ಞಾನದ ಚೂರುಗಳು ಉಳಿದುಕೊಂಡಿವೆ, ಆದ್ದರಿಂದ ಹೋಲಿಸಿ ನೋಡಿದಷ್ಟೂ ತೋರಾದ ಹಿರಿಮೆ ಸ್ಪಷ್ಟವಾಗುತ್ತದೆ ಎಂಬುದು ಅವರ ನಂಬಿಕೆ.

ಅವರು ಸಂಪ್ರದಾಯದ ವಿರೋಧಿಯಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳಲೇಬೇಕು. ಪಡುವಾದ ವಿದ್ವಾಂಸ ಸಾಮುಯೆಲ್ ಡೇವಿಡ್ ಲುತ್ಸಾತ್ತೊ ಯಹೂದಿ ಅನುಭಾವ ಪರಂಪರೆಯಾದ ಕಬ್ಬಾಲಾದ ಪ್ರಾಚೀನತೆಯನ್ನು ಪ್ರಶ್ನಿಸಿದಾಗ ಅದರ ಪರವಾಗಿ ಹೀಬ್ರೂವಿನಲ್ಲಿ ಪುಸ್ತಕವನ್ನೇ ಬರೆದು ವಾದಿಸಿದವರು ಇದೇ ಬೆನಮೊಜೆಗ್. ಮೌಖಿಕ ಪರಂಪರೆಯ ಕಟ್ಟಾ ಸಮರ್ಥಕರೊಬ್ಬರ ಕೃತಿಗೆ ಪಾಷಂಡದ (ಧರ್ಮವಿರೋಧದ) ಆರೋಪ ಹೊರಿಸಿದ್ದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಆದರೂ ಅಲೆಪ್ಪೊದವರನ್ನು ಅಜ್ಞಾನಿಗಳೆಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಹೀಬ್ರೂ ಬೈಬಲಿನ ಅತ್ಯಂತ ಪ್ರಮಾಣಭೂತ ಹಸ್ತಪ್ರತಿಗಳಲ್ಲಿ ಒಂದಾದ, 10ನೇ ಶತಮಾನದ ‘ಅಲೆಪ್ಪೊ ಕೋಡೆಕ್ಸ್’ ಅನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಸಮುದಾಯ ಅದು. ಮೂಲಪಾಠದ ಒಂದೊಂದು ಅಕ್ಷರವೂ ಅವರಿಗೆ ಪೂಜ್ಯ. ಈ ಹೊಸ ವ್ಯಾಖ್ಯಾನವೋ ಬೇರೆ ಹೊತ್ತಗೆಯಾಗಿ ಬರದೆ, ತೋರಾದ ಮೂಲಪಾಠದೊಂದಿಗೇ ಅಚ್ಚಾಗಿ ಬಂದಿತ್ತು. ವಾರದ ಪಾರಾಯಣಕ್ಕೆ ತೆರೆದ ಪುಟದಲ್ಲಿಯೇ ಅನ್ಯದೇವತೆಗಳ ಹೆಸರು ಕಣ್ಣಿಗೆ ಬಿದ್ದರೆ ಶ್ರದ್ಧಾವಂತನಿಗೆ ಏನನ್ನಿಸೀತು? ಯುರೋಪಿನ ಸುಧಾರಣಾವಾದ ತಮ್ಮ ಊರಿನೊಳಕ್ಕೂ ಕಾಲಿಡುತ್ತಿದೆ ಎಂಬ ಆತಂಕವೂ ಆ ವರ್ಷಗಳಲ್ಲಿ ಅಲ್ಲಿನ ಹಿರಿಯರನ್ನು ಕಾಡುತ್ತಿತ್ತು.

ಸುಡುವ ನಿರ್ಧಾರದ ತೀವ್ರತೆ ಅರ್ಥವಾಗಬೇಕಾದರೆ ಯಹೂದಿ ರೂಢಿಯನ್ನು ನೆನೆಯಬೇಕು. ದೇವನಾಮವಿರುವ ಪುಸ್ತಕ ಜೀರ್ಣವಾದರೂ ಅದನ್ನು ಎಸೆಯುವಂತಿಲ್ಲ, ಗೌರವದಿಂದ ಭೂಮಿಯಲ್ಲಿ ಹೂಳಬೇಕು. ಪಾಷಂಡಿಯೊಬ್ಬ ಬರೆದ ತೋರಾ ಸುರುಳಿಯನ್ನು ಮಾತ್ರ ಸುಡಬೇಕೆಂದು ಯಹೂದಿ ಧರ್ಮಶಾಸ್ತ್ರದ ಪ್ರಾಚೀನ ಸಂಕಲನವಾದ ತಾಲ್ಮುಡ್ ಹೇಳುತ್ತದೆ. ಹಾಗಾಗಿ ಬೆಂಕಿ ಹಚ್ಚಿಸುವುದೆಂದರೆ ಕೃತಿಯ ಜೊತೆಗೆ ಬರೆದವನನ್ನೂ ಸಮುದಾಯದಿಂದ ಹೊರಗಿಟ್ಟಂತೆ. ಜೀವಂತ ರಬ್ಬಿಯೊಬ್ಬರಿಗೆ ಇದಕ್ಕಿಂತ ಕಠೋರವಾದ ತೀರ್ಪು ಇರಲಾರದು.

ಬೆನಮೊಜೆಗ್ ಸುಮ್ಮನಿರಲಿಲ್ಲ. ‘ತ್ಸೋರಿ ಗಿಲಾದ್’ ಎಂಬ ಹೆಸರಿನ ಹೀಬ್ರೂ ಪತ್ರದಲ್ಲಿ ಆರೋಪಗಳಿಗೆ ಉತ್ತರ ಕೊಟ್ಟರು. ಅನ್ಯಮತದ ಗ್ರಂಥಗಳನ್ನು ಓದಿ ತೋರಾದ ವಿಧಿಗಳನ್ನು ವಿವರಿಸುವ ಪದ್ಧತಿಗೆ ಹಳೆಯ ಆಧಾರವೂ ಇತ್ತು: ಸಬಿಯನ್ನರೆಂಬ ನಕ್ಷತ್ರಾರಾಧಕರ ಪುಸ್ತಕಗಳನ್ನು ಓದಿದ್ದರಿಂದ ಅನೇಕ ವಿಧಿಗಳ ಕಾರಣ ತಮಗೆ ತಿಳಿಯಿತೆಂದು 12ನೇ ಶತಮಾನದಲ್ಲಿಯೇ ಮಹಾನ್ ಯಹೂದಿ ತತ್ವಜ್ಞಾನಿ ಮೈಮೊನಿಡಿಸ್ ಬರೆದಿದ್ದರು. ಮೈಮೊನಿಡಿಸರಿಗೆ ಸಲ್ಲುವುದು ಲಿವೊರ್ನೊದ ರಬ್ಬಿಗೆ ಏಕೆ ಸಲ್ಲಬಾರದು ಎಂಬ ಪ್ರಶ್ನೆಗೆ ಅಲೆಪ್ಪೊದ ತೀರ್ಪಿನಲ್ಲಿ ನನಗೆ ಸಮಾಧಾನಕರ ಉತ್ತರ ಕಾಣುವುದಿಲ್ಲ.

ಬೆನಮೊಜೆಗ್ ಕೊನೆಯವರೆಗೂ ಲಿವೊರ್ನೊದಲ್ಲಿಯೇ ಇದ್ದರು. ಅವರು ಅಪೂರ್ಣವಾಗಿ ಬಿಟ್ಟುಹೋದ ಫ್ರೆಂಚ್ ಮಹಾಕೃತಿಯನ್ನು 1914ರಲ್ಲಿ ಪ್ರಕಟಣೆಗೆ ಸಿದ್ಧಗೊಳಿಸಿದವರು ಕ್ಯಾಥೊಲಿಕ್ಕರಾಗಿ ಹುಟ್ಟಿ ಅವರ ಮಾರ್ಗದರ್ಶನ ಬೇಡಿ ಬಂದಿದ್ದ ಎಮೆ ಪಾಲಿಯೇರ್.