ನೀರಿನಲ್ಲಿ ಬಿದ್ದ ಚುಕ್ಕೆ

ಮಾರ್ಚ್ 13, 2025, ಗುರುವಾರ

ನಕ್ಷೆಯ ಮೇಲೆ ಒಂದು ಚುಕ್ಕೆ ಅಮೆರಿಕದ ಪವೆಲ್ ಜಲಾಶಯದ ನಟ್ಟನಡುವೆ ಕೂತಿದೆ. ಅದು ಒಣಗಿಸಿ ಹಾಳೆಗೆ ಅಂಟಿಸಿದ ಒಂದು ಗಿಡ ಸಿಕ್ಕ ಜಾಗ. ಹಾಳೆಯ ಮೇಲಿನ ಚೀಟಿಯಲ್ಲಿ: ಪ್ರಿಮುಲಾ ಸ್ಪೆಕುಯಿಕೋಲಾ, ಗ್ಲೆನ್ ಕ್ಯಾನ್ಯನ್, ಯೂಟಾ.

"ಬಂಡೆಯ ಗವಿಯ ಗಿಡ ನೀರಿನ ಮೇಲೆಲ್ಲಿ ಬರುತ್ತೆ? ತಪ್ಪು ದಾಖಲೆ, ತೆಗೆದುಬಿಡ್ಲಾ?" ಎಂದ ಪಕ್ಕದ ಮೇಜಿನ ಹುಡುಗ.

ತೆಗೀಬೇಡಪ್ಪ, ಮೊದಲು ಚೀಟಿಯಲ್ಲಿ ತಾರೀಖು ನೋಡು. ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಹಿಂದೆ ನೀರು ನಿಲ್ಲತೊಡಗಿದ್ದು 1963ರಲ್ಲಿ, ಇದೇ ಮಾರ್ಚ್ 13ಕ್ಕೆ. ಹಾಳೆ ಅದಕ್ಕಿಂತ ಹಳೆಯದಾದರೆ ಚುಕ್ಕೆ ಸರಿಯಾಗಿಯೇ ಇರಬಹುದು, ಮುಳುಗಿರುವುದು ನೆಲ. ಹೀಗೆ ಅಳಿಸಿದ ಒಂದೊಂದು ಸಾಲೂ ಆ ಹೂವು ಅಲ್ಲಿತ್ತು ಎನ್ನುವುದಕ್ಕೆ ಉಳಿದಿರುವ ಒಂದೇ ಸಾಕ್ಷಿ ಆಗಿರಬಹುದು. ನೆನೆದರೆ ಸಂಕಟವಾಗುತ್ತದೆ.

ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 3,700 ಅಡಿ. ಚೀಟಿಯಲ್ಲಿ ಬರೆದ ಎತ್ತರ ಅದಕ್ಕಿಂತ ಕಡಿಮೆಯಿದ್ದರೆ ಗೋಡೆ ಮುಳುಗಿದ್ದೇ. ಎತ್ತರ ಬರೆದಿಲ್ಲದಿದ್ದರೆ ಈಗಿನ ಉಪಗ್ರಹ ನಕ್ಷೆಯಿಂದ ತುಂಬಬಾರದು. ಅದು ಕೊಡುವುದು ನೀರಿನ ಮೇಲ್ಮೈಯ ಎತ್ತರ, ಬಂಡೆಯದ್ದಲ್ಲ. 1921ರ ಕೊಲೊರಾಡೊ ನದಿ ಸಮೀಕ್ಷೆಯ ನಕ್ಷೆಯನ್ನೇ ತೆರೆಯಬೇಕು. "ಲೀಸ್ ಫೆರಿಯಿಂದ (ಅಣೆಕಟ್ಟಿನ ಕೆಳಗಿರುವ ಹಳೆಯ ದೋಣಿಗಡ) ಇಷ್ಟು ಮೈಲಿ ಮೇಲೆ" ಎಂದಿದ್ದರೆ ಹೊಳೆಯ ತಿರುವು ಹಿಡಿದೇ ಅಳೆಯಬೇಕು. ನೇರ ಗೆರೆ ಎಳೆದರೆ ಚುಕ್ಕೆ ಬೇರೆಯದೇ ಕವಲು ಕಮರಿಗೆ ಹೋಗುತ್ತದೆ. ಅಲ್ಲಿನ ಭೂಮಾಪನದ ಒಂದು ಮೈಲಿ ಚೌಕದ ತುಂಡು, ಅಂದರೆ ಸೆಕ್ಷನ್, ಮಾತ್ರ ಕೊಟ್ಟಿದ್ದರೆ ನಡುಬಿಂದುವಿನ ಜೊತೆ 1,140 ಮೀಟರ್ ಅನಿಶ್ಚಿತತೆ ಬರೆಯಲೇಬೇಕು. ಬಯಲಲ್ಲಿ ಅದು ದೊಡ್ಡದಲ್ಲ. ಕಮರಿಯಲ್ಲಿ ಅಷ್ಟರೊಳಗೆ ಹೊಳೆಯ ದಡವೂ ಬರುತ್ತದೆ, ಒಣ ನೆತ್ತಿಯೂ ಬರುತ್ತದೆ. ಈ ಗಿಡಕ್ಕೋ ಬೇಕಿರುವುದು ನವಾಹೊ ಮರಳುಗಲ್ಲಿನಲ್ಲಿ ಇಳಿದ ನೀರು ಕೆಳಗಿನ ಗಟ್ಟಿ ಪದರಕ್ಕೆ ತಡೆದು ಹೊರಗೆ ಜಿನುಗುವ ಆ ಒಂದು ಪಟ್ಟಿ.

ಹಾಳೆಯಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಎಲೆಯ ಅಡಿಭಾಗ: ಬಿಳಿ ಹಿಟ್ಟು ಉದುರಿಸಿದಂತಿರುತ್ತದೆ. ಒತ್ತುವಾಗ ಒಂದೆರಡು ಎಲೆ ಮಗುಚಿಡದಿದ್ದರೆ ಅಂಟಿಸಿದ ಮೇಲೆ ಅದು ಕಾಣುವುದೇ ಇಲ್ಲ. ಬೆರಳು ತಾಗಿದರೆ ಹೋಗುತ್ತದೆ, ಸ್ಪಿರಿಟ್ ತಾಗಿದರೂ ಹೋಗುತ್ತದೆ. ಹೂವಿನಲ್ಲಿ ಎರಡು ಬಗೆ: ಕೆಲವು ಗಿಡದಲ್ಲಿ ಶಲಾಕೆ (ಹೂವಿನ ಹೆಣ್ಣುಭಾಗದ ಕಡ್ಡಿ) ಉದ್ದ, ಕೆಲವದರಲ್ಲಿ ಗಿಡ್ಡ. ಒಣಗಿದ ಹೂವಿನಲ್ಲಿ ಇದನ್ನು ನೋಡಲು ಮೊದಲು ಫೋಟೋ, ಆಮೇಲೆ ಮೆತ್ತಗಾಗಲು ಒಂದೇ ಒಂದು ಹೂವಿಗೆ ಸೋಪು ಬೆರೆಸಿದ ಬಿಸಿನೀರಿನ ಹನಿ. ಆ ಜಾತಿಗೆ ಹೆಸರಿಡುವಾಗ ಆಧಾರವಾಗಿಟ್ಟುಕೊಂಡ ಮೂಲಮಾದರಿ ಹಾಳೆಯಾದರೆ ಅದನ್ನೂ ಮಾಡಬಾರದು.

ಅಲ್ಲಿನವರು ಇದನ್ನು ಈಸ್ಟರ್ ಹೂ ಅನ್ನುತ್ತಾರಂತೆ. ಎಷ್ಟು ಚಂದದ ಹೆಸರು.

2023ರಲ್ಲಿ ನೀರು 3,520 ಅಡಿಯ ಹತ್ತಿರಕ್ಕೆ ಇಳಿದಿತ್ತು. ಕವಲು ಕಮರಿಗಳ ಗೋಡೆಗಳು ಮತ್ತೆ ಹೊರಗೆ ಬಂದಿವೆ. ಈ ಚುಕ್ಕೆಯ ಗೋಡೆಯೂ ಬಂದಿದೆಯೇ? ಚೀಟಿಯಲ್ಲಿ ಎತ್ತರವಿಲ್ಲ. ಆದರೆ ಅದೇ ಸಂಗ್ರಾಹಕರ ಹಿಂದುಮುಂದಿನ ಸಂಖ್ಯೆಯ ಹಾಳೆಗಳಲ್ಲಿ, ಅದೇ ದಿನ, ಯಾವುದಾದರೂ ಒಂದರಲ್ಲಿ ಬರೆದಿದ್ದರೆ ಗೊತ್ತಾಗಬಹುದು.